ಕಡ್ಡಾಯದ ವಿಮೆಗೆ ಶೇ 18 ತೆರಿಗೆ: ಈ ಅನ್ಯಾಯ ನಿಲ್ಲಲಿ

ವಾಹನ ರಸ್ತೆಗಿಳಿಯಬೇಕಾದರೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ಅದರ ದರವನ್ನು ನಿಗದಿ ಮಾಡುವುದೂ ಸರ್ಕಾರವೇ, ಆ ದರದ ಮೇಲೆ ಶೇ 18ರಷ್ಟು ಜಿಎಸ್‌ಟಿ ವಸೂಲು ಮಾಡುವುದೂ ಸರ್ಕಾರವೇ. ಬೇಡವೆನ್ನುವ ಸ್ವಾತಂತ್ರ್ಯವೇ ಇಲ್ಲದ ಖರ್ಚಿನ ಮೇಲೆ ಇಷ್ಟು ತೆರಿಗೆ ಹೇರುವುದು ಅನ್ಯಾಯ. ಮನೆಯ ವಿಮೆಗೂ ಇದೇ ತೆರಿಗೆ. ವಿಮೆ ಅಗ್ಗವಾಗಬೇಕೆಂದರೆ ಮೊದಲು ಇಳಿಯಬೇಕಾದದ್ದು ಈ ಹೊರೆ.

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೈಕು ಶೋಕಿಯ ವಸ್ತುವಲ್ಲ. ತಿಕೋಟಾದ ದ್ರಾಕ್ಷಿ ಪಡಗಳಿಗೆ ಚಾಟ್ನಿ (ಬಳ್ಳಿ ಸವರುವ) ಕೆಲಸಕ್ಕೆ ಹೋಗುವ ಕೂಲಿಕಾರನಿಗೂ, ಬಬಲೇಶ್ವರದ ಕಡೆಯ ಹಳ್ಳಿಯಿಂದ ನಗರದ ಎಪಿಎಂಸಿಗೆ ಬರುವ ರೈತನಿಗೂ ಅದು ದುಡಿಮೆಯ ಸಾಧನ. ಅಂಥವರ ವಿಮೆ ರಸೀದಿಯನ್ನು ಬಿಡಿಸಿ ನೋಡಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 75ರಿಂದ 150 ಸಿಸಿ ಬೈಕಿನ ಒಂದು ವರ್ಷದ ಥರ್ಡ್ ಪಾರ್ಟಿ ಕಂತು 714 ರೂಪಾಯಿ. ತೆರಿಗೆ ಸೇರಿದರೆ ಸುಮಾರು 843. ಸಾವಿರದಿಂದ ಒಂದೂವರೆ ಸಾವಿರ ಸಿಸಿಯ ಕಾರಿಗೆ 3,416 ರೂಪಾಯಿ. ಅದರ ಮೇಲೆ ತೆರಿಗೆಯೇ 615 ರೂಪಾಯಿ. ಸ್ವಂತ ವಾಹನದ ಹಾನಿಗೆ ಮಾಡಿಸುವ ವಿಮೆಗೆ ಬೀಳುವ ತೆರಿಗೆ ಬೇರೆ.

ಈ ತೆರಿಗೆ ತೆಗೆಯಲು ಬರುವುದಿಲ್ಲ ಎಂಬ ಮಾತು ಇನ್ನು ನಡೆಯದು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯೇ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆದುಹಾಕಿತು. ಸರಕು ಸಾಗಣೆ ವಾಹನಗಳ ಥರ್ಡ್ ಪಾರ್ಟಿ ವಿಮೆಗೆ ಶೇ 12ರಷ್ಟಿದ್ದ ತೆರಿಗೆಯನ್ನು ಶೇ 5ಕ್ಕೆ ಇಳಿಸಿತು. ಎರಡೂ ಒಳ್ಳೆಯ ನಿರ್ಧಾರಗಳೇ. ಆದರೆ ಅದೇ ರಸ್ತೆಯಲ್ಲಿ ಓಡುವ ಬೈಕು ಮತ್ತು ಕಾರನ್ನು, ಅದೇ ಕುಟುಂಬ ಬಾಳುವ ಮನೆಯನ್ನು ಶೇ 18ರಲ್ಲೇ ಉಳಿಸಿದ್ದಕ್ಕೆ ಸಮರ್ಥನೆ ಇಲ್ಲ. 2047ರ ಹೊತ್ತಿಗೆ ಎಲ್ಲರಿಗೂ ವಿಮೆ ಎಂಬ ಗುರಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಸಾರಿದೆ. ಈ ತೆರಿಗೆ ಆ ಗುರಿಗೇ ಅಡ್ಡಿ.

ಕಂತು ಕಟ್ಟದೆ ವಿಮೆ ತಪ್ಪಿದರೆ ನಷ್ಟ ಮಾಲೀಕನೊಬ್ಬನಿಗೇ ಅಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ; ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಅದಕ್ಕಿಂತ ಘೋರವಾದದ್ದು ಅಪಘಾತದ ನಂತರದ ಸ್ಥಿತಿ. ವಿಮೆ ಇಲ್ಲದ ವಾಹನ ಒಬ್ಬರ ಪ್ರಾಣ ತೆಗೆದರೆ ಪರಿಹಾರದ ಪೂರ್ತಿ ಭಾರ ಮಾಲೀಕನ ಮೇಲೆ. ಹೊಲ ಮಾರಿದರೂ ತೀರದ ಸಾಲ ಒಂದು ಮನೆಗಾದರೆ, ಕೈಗೆ ಬಾರದ ಪರಿಹಾರ ಇನ್ನೊಂದು ಮನೆಗೆ. ಆದ್ದರಿಂದ ವಿಮೆ ಬಿಟ್ಟು ಹಣ ಉಳಿಸುವುದು ಉಳಿತಾಯವೇ ಅಲ್ಲ. ಅದು ಅಪರಾಧ.

ಮಾರಾಟಗಾರರ ಪಾಲಿನ ತಪ್ಪನ್ನೂ ಹೇಳಬೇಕು. ಶೋರೂಂನಲ್ಲಿ ವಾಹನದ ದರ ಬರೆದುಕೊಡುವಾಗಲೇ ವಿಮೆಯ ಮೊತ್ತವನ್ನೂ ಸೇರಿಸಿಬಿಡುವುದು ರೂಢಿಯಾಗಿದೆ. ತಮ್ಮಲ್ಲೇ ವಿಮೆ ಕೊಳ್ಳಬೇಕೆಂದು ಒತ್ತಾಯಿಸುವ ಹಕ್ಕು ಡೀಲರ್‌ಗೆ ಇಲ್ಲ. ಈ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಾರಿನ ವಿಮಾ ಮೌಲ್ಯವನ್ನು, ಅಂದರೆ ಐಡಿವಿಯನ್ನು, ತಗ್ಗಿಸಿ ಕಂತು ಕಡಿಮೆ ಮಾಡಿಕೊಟ್ಟೆವೆನ್ನುವ ಏಜೆಂಟರೂ ಇದ್ದಾರೆ. ವಾಹನ ಕಳುವಾದ ದಿನ ಆ ಕಡಿತದ ನಷ್ಟ ಗ್ರಾಹಕನದೇ. ನ್ಯಾಯವಾಗಿ ಕಂತು ಇಳಿಸುವ ದಾರಿಗಳನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕ್ಲೈಮ್ ಮಾಡದ ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ 50ರವರೆಗೆ ನೋ ಕ್ಲೈಮ್ ಬೋನಸ್ ಸಿಗುತ್ತದೆ. ಅದು ಸ್ವಂತ ಹಾನಿಯ ವಿಮೆಗೆ ಸೇರಿದ್ದು ಮತ್ತು ಮಾಲೀಕನ ಹಕ್ಕು. ಹಳೆಯ ಕಾರು ಮಾರಿ ಹೊಸದು ಕೊಂಡರೂ ಜೊತೆಗೇ ಬರುತ್ತದೆ. ಪಾಲಿಸಿಯ ಅವಧಿ ಮುಗಿದು ನವೀಕರಿಸದೆ 90 ದಿನ ದಾಟಿದರೆ ಕೈತಪ್ಪುತ್ತದೆ. ಹದಿನೈದು ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮೊದಲೇ ಇದ್ದವರು ಪ್ರತಿ ವಾಹನಕ್ಕೂ ಅದನ್ನು ಮತ್ತೆ ಕೊಳ್ಳಬೇಕಾಗಿಲ್ಲ.

ಮನೆಯ ವಿಮೆಯ ವಿಚಾರದಲ್ಲಿ ನಿರ್ಲಕ್ಷ್ಯ ಇನ್ನೂ ದೊಡ್ಡದು. 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯ ನೆಲ ಮತ್ತೆ ಮತ್ತೆ ನಡುಗಿತು. ಜನ ಮನೆ ಬಿಟ್ಟು ಹೊರಗೆ ಓಡಿಬಂದರು. ಡೋಣಿ ನದಿ ಉಕ್ಕಿದ ವರ್ಷ ದಂಡೆಯ ಊರುಗಳಿಗೆ ನೆಮ್ಮದಿ ಇಲ್ಲ. ಜಡಿಮಳೆ ಹಿಡಿದರೆ ಮಣ್ಣಿನ ಮಾಳಿಗೆಯ ಹಳೆ ಮನೆಗಳ ಗೋಡೆಗಳು ನೆನೆದು ಕುಸಿಯುತ್ತವೆ. ಬೆಂಕಿ, ಭೂಕಂಪ, ಪ್ರವಾಹ, ಸಿಡಿಲಿಗೆ ರಕ್ಷಣೆ ಕೊಡುವ 'ಭಾರತ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಜಾರಿ ಮಾಡಲಾಗಿದೆ. ಅದರ ಹೆಸರನ್ನೂ ಕೇಳದ ಮನೆಗಳು ಹಳ್ಳಿಗಳಲ್ಲಿ ತುಂಬಿವೆ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಸಿಗುವುದು 1.20 ಲಕ್ಷ ರೂಪಾಯಿ. ಅಷ್ಟರಲ್ಲಿ ಮನೆ ಮತ್ತೆ ಏಳದು. ಮಾಳಿಗೆ ಮನೆಗಳ ಬಡ ಕುಟುಂಬಗಳಿಗೆ ಸಾಮೂಹಿಕ ವಿಮೆ ಮಾಡಿಸಿ ರಾಜ್ಯವೇ ಕಂತು ಕಟ್ಟಬೇಕು. ಬಿದ್ದ ಮೇಲೆ ಪಂಚನಾಮೆ ಮಾಡುವುದಕ್ಕಿಂತ ಇದು ಜವಾಬ್ದಾರಿಯ ಆಡಳಿತ.

ಇನ್ನು ತೆರಿಗೆಯ ಮಾತು. ಅದನ್ನು ನಿರ್ಧರಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ, ರಾಜ್ಯಗಳಿಗೆ ಮೂರನೇ ಎರಡು ಭಾಗ ತೂಕವಿದೆ. ನಿರ್ಣಯಕ್ಕೆ ನಾಲ್ಕನೇ ಮೂರು ಭಾಗ ಬೇಕು. ಕೇಂದ್ರವೂ ರಾಜ್ಯವೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿ ಪಾರಾಗಲಾಗದು. ಸಂಸದ ರಮೇಶ ಜಿಗಜಿಣಗಿ ಅವರು ಲೋಕಸಭೆಯಲ್ಲಿ, ತಿಕೋಟಾವನ್ನೂ ಒಳಗೊಂಡ ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲ ಅವರು ರಾಜ್ಯದ ಮಟ್ಟದಲ್ಲಿ ಈ ಬೇಡಿಕೆ ಎತ್ತಬೇಕು. ಬೈಕು ಮತ್ತು ಕಾರಿನ ಥರ್ಡ್ ಪಾರ್ಟಿ ವಿಮೆಗೂ ಮನೆಯ ವಿಮೆಗೂ ತೆರಿಗೆ ಸೊನ್ನೆಯಾಗಬೇಕು. ಅಲ್ಲಿಯವರೆಗೆ ಓದುಗರು ವಿಮೆಯನ್ನು ಒಂದು ದಿನವೂ ತಪ್ಪಿಸದಿರಲಿ, ಎರಡು ಮೂರು ಕಂಪನಿಗಳ ದರ ಕೇಳದೆ ಹಣ ಕಟ್ಟದಿರಲಿ. ಜನ ಕಾನೂನು ಪಾಲಿಸಲಿ; ಸರ್ಕಾರ ಆ ಪಾಲನೆಯ ಮೇಲೆ ತೆರಿಗೆ ಎತ್ತುವುದನ್ನು ನಿಲ್ಲಿಸಲಿ.