ಆಟದ ಕಾರಿಗೆ ಚಾರ್ಜರ್ ಕೊಳ್ಳುವ ಮುನ್ನ

ಸಹೋದರಿಯರೇ, ರಿಮೋಟ್ ಕಾರು ಗಂಡು ಮಕ್ಕಳ ಆಟ, ಅದರ ಬ್ಯಾಟರಿ ಚಾರ್ಜರ್‌ಗಳ ಉಸಾಬರಿ ನಮಗೇಕೆ ಎಂದು ನೀವು ಕೇಳಬಹುದು. ಕಳೆದ ಈದ್‌ನ ಮರುವಾರದವರೆಗೆ ನಾನೂ ಹಾಗೆಯೇ ಎಣಿಸಿದ್ದೆ.

ಅಂದು ವಿಜಯನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹೈಸ್ಕೂಲಿಗೆ ಹೋಗುವ ಅವಳ ಮಗ ಈದಿಯ ಹಣದಲ್ಲಿ ಒಂದು ಪಾಲು ಕೊಟ್ಟು ಕೆಂಗೇರಿಯ ಗೆಳೆಯನಿಂದ ಹಳೆಯ ರಿಮೋಟ್ ಕಾರೊಂದನ್ನು ಕೊಂಡಿದ್ದ. ಕಾರಿನ ಜೊತೆ ಬ್ಯಾಟರಿ ಬಂದಿತ್ತು, ಚಾರ್ಜರ್ ಇರಲಿಲ್ಲ. ಅವನ ಅಣ್ಣನ ಕಾಲದ ಕಾರಿನ ಚಾರ್ಜರ್ ಅಟ್ಟದ ಮೇಲೆ ಸಿಕ್ಕಿತು. ಪಿನ್ನು ಸರಿಯಾಗಿ ಕೂಡಿತು. ಪಿನ್ನು ಕೂಡಿದ ಮೇಲೆ ಇನ್ನೇನು ಎಂದು ಸೋಫಾದ ಮೇಲಿಟ್ಟು ಚಾರ್ಜಿಗೆ ಹಾಕಿ ಹುಡುಗ ಹೊರಗೆ ಹೋಗಿದ್ದಾನೆ. ನಾವು ಅಕ್ಕ ತಂಗಿ ಊಟ ಮುಗಿಸಿ ಮಾತಾಡುತ್ತಿದ್ದಾಗ ಏನೋ ಸಿಹಿಯಾದ ಔಷಧದಂಥ ವಾಸನೆ ಬಂತು. ನೋಡಿದರೆ ಬ್ಯಾಟರಿ ಪೂರಿಯಂತೆ ಉಬ್ಬಿಕೊಂಡಿದೆ! ತಂಗಿ ಸ್ವಿಚ್ ಆರಿಸಿದಳು. ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಮರಳಿನ ರಾಶಿಯ ಮೇಲೆ ಇಟ್ಟು ಬಂದೆವು. ಬೆಂಕಿ ಹತ್ತಲಿಲ್ಲ. ಆದರೆ ಸೋಫಾ ಇದ್ದದ್ದು ಮನೆಯ ಒಂದೇ ಬಾಗಿಲಿನ ಪಕ್ಕದಲ್ಲಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪಾದದ್ದು ಎಲ್ಲಿ? ಅಣ್ಣನ ಕಾರಿನದು ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿ. ಅದರ ಸಾದಾ ಚಾರ್ಜರ್‌ಗೆ ಹೊಟ್ಟೆ ತುಂಬಿತು ಎಂಬುದು ತಿಳಿಯದು, ವಿದ್ಯುತ್ ಹರಿಸುತ್ತಲೇ ಇರುತ್ತದೆ. ಹಳೆಯ ಬ್ಯಾಟರಿ ಅದನ್ನು ಅಷ್ಟಿಷ್ಟು ತಾಳಿಕೊಳ್ಳುತ್ತಿತ್ತು. ಲಿಥಿಯಂ ಬ್ಯಾಟರಿ ತಾಳಿಕೊಳ್ಳುವುದಿಲ್ಲ. ಅದರ ಒಂದೊಂದು ಕೋಶವನ್ನೂ 4.2 ವೋಲ್ಟ್‌ಗೆ ತಂದು ನಿಲ್ಲಿಸಬೇಕು. ಮೀರಿದರೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ, ಬಿಸಿಯೇರಿ ಹೊತ್ತಿಕೊಳ್ಳಲೂಬಹುದು. ನಮ್ಮ ಮೊಬೈಲ್‌ನಲ್ಲಿರುವುದೂ ಇದೇ ಜಾತಿ. ಆದರೆ ಮೊಬೈಲ್‌ನೊಳಗೆ ಕಾವಲಿಗೆ ಒಂದು ಮಂಡಲ ಇದೆ. ಇಂಥ ಕಾರಿನ ಬ್ಯಾಟರಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ, ಚಾರ್ಜರೇ ಕಾವಲುಗಾರ.

ಬೆಂಕಿಯ ಮಾತು ಸುಮ್ಮನೆ ಹೆದರಿಸಲು ಹೇಳಿದ್ದಲ್ಲ. 2024ರ ನವೆಂಬರ್ 19ರಂದು ನಮ್ಮ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು, ಒಳಗೆ ಸಿಕ್ಕಿಕೊಂಡ ಯುವ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡರು. ಸ್ಕೂಟರ್ ಬ್ಯಾಟರಿ ದೊಡ್ಡದು, ಆಟಿಕೆಯದು ಚಿಕ್ಕದು, ನಿಜ. ಆದರೆ ಲಿಥಿಯಂ ಬ್ಯಾಟರಿಗಳು ಉರಿಯತೊಡಗಿದರೆ ಹೊರಗೆ ಓಡಲು ಸಿಗುವ ಸಮಯ ಬಹಳ ಕಡಿಮೆ. ನಮ್ಮ ಮನೆಗಳಿಗೋ ಬಾಗಿಲು ಒಂದೇ.

ಮರುವಾರ ಹುಡುಗನನ್ನು ಕರೆದುಕೊಂಡು ಎಸ್.ಪಿ. ರಸ್ತೆಗೆ ಹೊರಟೆ. ವಿಜಯನಗರದಿಂದ ಮೆಟ್ರೋ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಸಾಕು. ಹೊಸ ಬ್ಯಾಟರಿಯನ್ನು ಗೆಳೆಯನೇ ನೋವಿನಿಂದ ಅರ್ಧ ಬೆಲೆಗೆ ಕೊಟ್ಟಿದ್ದ. ಕೈಯಲ್ಲಿ ಉಳಿದದ್ದು ಎರಡೂವರೆ ಸಾವಿರ ರೂಪಾಯಿ. ದಾರಿಯುದ್ದಕ್ಕೂ ಹುಡುಗನ ವಾದ ಒಂದೇ. "ಖಾಲಾ, ಎಲ್ಲಕ್ಕಿಂತ ಅಗ್ಗದ ಚಾರ್ಜರ್ ತೆಗೆದುಕೊಳ್ಳೋಣ. ಉಳಿದ ದುಡ್ಡಿಗೆ ಇನ್ನೊಂದು ಬ್ಯಾಟರಿ ಬರುತ್ತೆ. ಒಂದು ಚಾರ್ಜ್ ಆಗೋವಾಗ ಇನ್ನೊಂದರಲ್ಲಿ ಆಡಬಹುದು."

ಕೇಳಲು ಸರಿಯೆನಿಸುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಬ್ಯಾಟರಿಯ ಮೇಲೆ 2200 ಎಂಎಎಚ್ ಎಂದು ಬರೆದಿತ್ತು, ಅಂದರೆ 2.2 ಆಂಪಿಯರ್ ಅವರ್. ತಯಾರಕರು ಬೇರೆ ಹೇಳದಿದ್ದರೆ ಅಷ್ಟೇ ಆಂಪಿಯರ್‌ನಲ್ಲಿ ಚಾರ್ಜ್ ಮಾಡುವುದು ಸುರಕ್ಷಿತ ಮಿತಿ, ಸುಮಾರು ಒಂದು ಗಂಟೆಯಲ್ಲಿ ತುಂಬುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ 'ಬಿ3' ಎಂಬ ಪುಟ್ಟ ಚಾರ್ಜರ್ ಕೆಟ್ಟದ್ದೇನಲ್ಲ, ಪ್ರತಿ ಕೋಶವನ್ನೂ ಬೇರೆ ಬೇರೆಯಾಗಿಯೇ ತುಂಬುತ್ತದೆ. ಆದರೆ ಅದು ಹೇಳಿಕೊಳ್ಳುವುದು 0.8 ಆಂಪಿಯರ್. ಒಂದು ಬ್ಯಾಟರಿಗೆ ಮೂರು ಗಂಟೆ, ಎರಡಾದರೆ ಆರು. ನಾಳೆ 5000 ಎಂಎಎಚ್‌ನ ಬ್ಯಾಟರಿ ಬಂದರೆ ಅದೊಂದಕ್ಕೇ ಆರು ಗಂಟೆಗೂ ಹೆಚ್ಚು. ಶಾಲೆ, ಟ್ಯೂಷನ್ ಮುಗಿಸಿ ಬರುವ ಹುಡುಗ ಚಾರ್ಜಿಗೆ ಹಾಕುವುದೇ ಸಂಜೆ. ಹಾಕಿದವನು ಒಂಬತ್ತಕ್ಕೆ ನಿದ್ದೆ ಹೋಗುತ್ತಾನೆ. ನಡುರಾತ್ರಿಯವರೆಗೆ ಆ ಚಾರ್ಜರಿನ ಪಕ್ಕದಲ್ಲಿ ಕೂರುವವರು ಯಾರು? ಅವನ ಅಮ್ಮಿ. ಇಲ್ಲವೇ ಯಾರೂ ಕೂರುವುದಿಲ್ಲ, ಅದು ಇನ್ನೂ ಅಪಾಯ. ಅಂಗಡಿಯಲ್ಲಿ ಬೆಲೆ ಚೀಟಿ ನೋಡುವ ನಾವು ಈ ಗಂಟೆಗಳನ್ನು ಬೆಲೆಗೆ ಸೇರಿಸುವುದೇ ಇಲ್ಲ.

ಆದ್ದರಿಂದ ಒಂದೇ ಬ್ಯಾಟರಿ, ಸ್ವಲ್ಪ ಒಳ್ಳೆಯ ಚಾರ್ಜರ್ ಎಂದು ನಾನು ಹಟ ಹಿಡಿದೆ. ಹುಡುಗ ಮುಖ ಊದಿಸಿಕೊಂಡ. ಬ್ಯಾಟರಿಗಿಂತ ಅದು ವಾಸಿ!

ಅಂಗಡಿಯವರು ಮೊದಲು ತೋರಿಸಿದ್ದು 'ಬಿ6'. ಚಿಕ್ಕ ಪರದೆ ಇದೆ, ಆರು ಕೋಶಗಳವರೆಗೆ ತುಂಬುತ್ತದೆ. ಒಳ್ಳೆಯದೇ, ಆದರೆ ಅದರ ನಕಲುಗಳು ಹೇರಳ. ಕೆಲವು ಮಾದರಿಗಳನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಲಾಗದು, 12 ವೋಲ್ಟ್‌ನ ಅಡಾಪ್ಟರ್ ಬೇರೆ ಕೊಳ್ಳಬೇಕು. ಅಗ್ಗವೆಂದು ತಂದು ಮನೆಯಲ್ಲಿ ಪೆಚ್ಚಾಗಬೇಡಿ. ಇನ್ನೊಂದು ತೊಡಕೆಂದರೆ ಅದರಲ್ಲಿ ಬ್ಯಾಟರಿಯ ಜಾತಿಯನ್ನು ನಾವೇ ಆರಿಸಬೇಕು. ಆತುರದಲ್ಲಿ ಹುಡುಗ ಲಿಥಿಯಂ ಬದಲು ನಿಕ್ಕೆಲ್ ಎಂದು ಒತ್ತಿದರೆ ಮತ್ತೆ ಅದೇ ಪೂರಿ. ನಾನು ಆರಿಸಿದ್ದು ಪರದೆಯಿಲ್ಲದ, ಎರಡರಿಂದ ನಾಲ್ಕು ಕೋಶಗಳ ಲಿಥಿಯಂಗೆಂದೇ ಮಾಡಿದ, 1, 2, 3 ಆಂಪಿಯರ್ ಎಂದು ಗುಂಡಿ ಒತ್ತಿ ಆರಿಸುವ ಸರಳ ಚಾರ್ಜರ್. ನೇರ ಗೋಡೆಗೆ ಹಾಕಬಹುದು. 2 ಆಂಪಿಯರ್‌ಗೆ ಇಟ್ಟರೆ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ದುಡ್ಡು ಕೊಡುವ ಮೊದಲು ಬ್ಯಾಟರಿಯನ್ನೂ ಜೊತೆಗೆ ಒಯ್ಯಿರಿ. ಅದರಿಂದ ಎರಡು ದಪ್ಪ ವಯರು, ಪಕ್ಕದಲ್ಲಿ ಬಿಳಿ ತುದಿಯ ಸಣ್ಣ ವಯರುಗಳು ಹೊರಟಿರುತ್ತವೆ. ಸಣ್ಣವನ್ನು ಎಣಿಸಿ. ಮೂರಿದ್ದರೆ ಎರಡು ಕೋಶ, 7.4 ವೋಲ್ಟ್. ನಾಲ್ಕಿದ್ದರೆ ಮೂರು ಕೋಶ, 11.1 ವೋಲ್ಟ್. ಈ ಬಿಳಿ ತುದಿ ಕೂರುವ ಜಾಗ ಚಾರ್ಜರಿನಲ್ಲಿ ಇರಲೇಬೇಕು, ಕೋಶಗಳನ್ನು ಸಮ ಮಾಡುವುದು ಅದರ ಮೂಲಕವೇ. ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ನೂರೋ ಇನ್ನೂರೋ ಕೊಟ್ಟು ಆ ಬಿಳಿ ತುದಿಗೆ ಸಿಕ್ಕಿಸಿ ವೋಲ್ಟ್ ತೋರಿಸುವ ಪುಟ್ಟ ಮೀಟರನ್ನೂ ತನ್ನಿ. ಚಾರ್ಜ್ ಮುಗಿದಾಗ ಪ್ರತಿ ಕೋಶ 4.2ರ ಹತ್ತಿರ ಇರಬೇಕು. ಅದನ್ನು ಮೀರಿ ಏರಿದರೆ ಚಾರ್ಜರನ್ನು ಹಿಂದಿರುಗಿಸಿ. ಆಡುವಾಗ 3.3ಕ್ಕೆ ಇಳಿದರೆ ಆಟ ನಿಲ್ಲಿಸಬೇಕು.

ಇನ್ನು ಐದಾರು ವರ್ಷದ ಮಕ್ಕಳಿಗೆ ಇಂಥ ಬಿಡಿ ಬ್ಯಾಟರಿಯ ಕಾರೇ ಬೇಡ. ಅಂಗಡಿಯ ಡಬ್ಬಿಯ ಕಾರು ಸಾಕು, ಅದರಲ್ಲಿ ಐಎಸ್ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ದುಬೈಯಿಂದ ಮಾಮು ಕಾರು ತರುವ ಮನೆಗಳವರಿಗೆ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಅಲ್ಲಿಯ ಚೌಕ ಕಾಲಿನ ಪ್ಲಗ್ಗನ್ನು ಪೆನ್ನು ತುರುಕಿ ನಮ್ಮ ಸಾಕೆಟ್ಟಿಗೆ ಒತ್ತುವುದನ್ನು ನಾನೇ ನೋಡಿದ್ದೇನೆ. ಸರಿಯಾದ ಅಡಾಪ್ಟರ್ ಕೊಂಡುಬಿಡಿ.

ಈಗ ತಂಗಿಯ ಮನೆಯಲ್ಲಿ ಚಾರ್ಜಿಂಗ್ ನಡೆಯುವುದು ಅಡುಗೆಮನೆಯಿಂದಲೂ ಬಾಗಿಲಿನಿಂದಲೂ ದೂರ, ಬರಿ ಮೊಸಾಯಿಕ್ ನೆಲದ ಮೇಲೆ, ಖಾಲಿ ಮಣ್ಣಿನ ಕುಂಡದೊಳಗೆ. ಆಡಿ ಬಂದ ಬ್ಯಾಟರಿ ತಣ್ಣಗಾದ ಮೇಲೆಯೇ ಚಾರ್ಜಿಗೆ. ಹುಡುಗ ಎದುರಿಗೆ ಕುಳಿತು ಹೋಂವರ್ಕ್ ಮಾಡುತ್ತಾನೆ. ಒಂದು ಗಂಟೆ ಕಾರು ಆಡದ ಕಾರಣ ಗಣಿತ ಮುಗಿಯುತ್ತಿದೆ ಎಂದು ತಂಗಿ ಹೇಳಿದಳು. ಉಬ್ಬಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಒಯ್ದು ಕೊಟ್ಟೆವು. ಅಟ್ಟದ ಹಳೆಯ ಚಾರ್ಜರಿನ ವಯರನ್ನು ಅದಕ್ಕೂ ಮೊದಲೇ ನಾನು ಕತ್ತರಿಸಿದ್ದೆ.