ಆ ಮರಳು ಖಾಲಿ ಇರಲಿಲ್ಲ

ಕಳೆದ ತಿಂಗಳು ನನಗೊಂದು ಅನುವಾದದ ಕೆಲಸ ಬಂತು. ಪ್ರವಾಸ ಸಂಸ್ಥೆಯೊಂದರ ಇಂಗ್ಲಿಷ್ ಕೈಪಿಡಿ. ಕೊಂಕಣದಿಂದ ಉತ್ತರ ಕನ್ನಡದವರೆಗೆ ಕಡಲ ಪಕ್ಕದಲ್ಲೇ ಒಬ್ಬರೇ ಕಾರು ಓಡಿಸಿಕೊಂಡು, ರಾತ್ರಿ ಮರಳಿನ ಮೇಲೆ ಟೆಂಟ್ ಹಾಕಿಕೊಂಡು ಹೋಗುವುದು ಹೇಗೆಂದು ಅದು ಕಲಿಸುತ್ತದೆ. ಹತ್ತು ಪುಟಗಳಲ್ಲಿ ಆರು ಸಲ ‘ವರ್ಜಿನ್ ಬೀಚ್’ ಎಂದಿತ್ತು. ‘ಕನ್ಯೆ ಕಡಲತೀರ’ ಎಂದರೆ ಓದುವವರು ನಗುತ್ತಾರೆ. ‘ಜನರಿಲ್ಲದ ತೀರ’ ಎಂದು ಬರೆದೆ. ಬರೆದು ಅಲ್ಲೇ ನಿಂತೆ. ಅದು ಸುಳ್ಳೆಂದು ನನಗೆ ಗೊತ್ತು. ಎರಡು ವರ್ಷಗಳ ಹಿಂದೆ ಅದೇ ಸುಳ್ಳನ್ನು ನಂಬಿ ಅದೇ ದಾರಿಯಲ್ಲಿ ಹೋದವಳು ನಾನು.

ಡಿಸೆಂಬರಿನಲ್ಲಿ ಪುಣೆಯಿಂದ ಹೊರಟು ತಾಮ್ಹಿಣಿ ಘಾಟ್ ಇಳಿದೆ. ಬಾಗಮಾಂಡಲಾದಿಂದ ವೇಸವಿಗೆ, ದಾಭೋಳದಿಂದ ಧೋಪಾವೆಗೆ ಕಾರು ಸಮೇತ ಫೆರ್ರಿಯಲ್ಲಿ ಖಾಡಿ ದಾಟಿದೆ. ಮಾಲ್ವಣ, ವೆಂಗುರ್ಲಾ, ಗೋವಾ ಕಳೆದು ಕಾರವಾರ ಸೇರಿ, ಮುಂದೆ 66ನೇ ಹೆದ್ದಾರಿ ಹಿಡಿದೆ. ಆರನೆಯ ರಾತ್ರಿ ಹೊನ್ನಾವರದ ಹತ್ತಿರ ಗಾಳಿಮರಗಳ ಸಾಲು ದಾಟಿ, ಮರಳಿನ ಮೇಲೆ ಟೆಂಟ್ ಹಾಕಿದೆ. ಸುತ್ತ ಒಬ್ಬರೂ ಇರಲಿಲ್ಲ. ಫೋಟೊ ತೆಗೆದು, ‘ನಾನು ಮತ್ತು ಕಡಲು, ಅಷ್ಟೇ’ ಎಂದು ಗೆಳತಿಯರಿಗೆ ಕಳಿಸಿದೆ.

ಬೆಳಗ್ಗೆ ಇನ್ನೂ ನಸುಗತ್ತಲು. ಬುಟ್ಟಿ ಹೊತ್ತ ಒಬ್ಬ ಹೆಂಗಸು ಟೆಂಟಿನ ಹೊರಗೆ ನಿಂತು ಕರೆದರು. “ತಂಗೀ, ಇದು ನಮ್ಮ ಮೀನು ಒಣ್ಗ್ಸು ಜಾಗ. ಬಿಸ್ಲು ಬರುದ್ರೊಳಗೆ ತೆಗಿ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಟೆಂಟ್ ಮಡಚುವಾಗ ಒಂದು ತುದಿ ಅವರೇ ಹಿಡಿದರು. ಆಮೇಲೆ ತಮ್ಮ ಮನೆಯ ಬಚ್ಚಲು ತೋರಿಸಿದರು, ಚಹಾ ಕೊಟ್ಟರು. ನಾನು ರಾತ್ರಿ ಮಲಗಿದ್ದು ಅವರ ಅಂಗಡಿಯ ಕಟ್ಟೆಯ ಮೇಲೆ ಎಂಬುದು ಚಹಾ ಕುಡಿಯುವಾಗ ತಿಳಿಯಿತು. ಕಟ್ಟೆಗೆ ಗೋಡೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಜಗಳ ‘ಖಾಲಿ’ ಎಂಬ ಮಾತಿನ ಜೊತೆ. ಕಡಲತೀರಕ್ಕೆ ಕೆಲಸದ ಹೊತ್ತುಗಳಿವೆ. ನಾವು ನೋಡಲು ಹೋಗುವುದು ಸಂಜೆ, ಕೆಲಸ ಮುಗಿದ ಮೇಲೆ. ರಾತ್ರಿ ಬಾಗಿಲು ಹಾಕಿದ ಮಾರುಕಟ್ಟೆಯನ್ನು ಯಾರೂ ನಿರ್ಜನ ಪ್ರಕೃತಿ ಎನ್ನುವುದಿಲ್ಲ. ಹಿಂದೆ ಈ ಮರಳಿನ ಮೇಲೆ ಹತ್ತಾರು ಜನ ಸಾಲಾಗಿ ನಿಂತು ರಂಪಣಿ ಬಲೆ ಎಳೆಯುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಕುಸಿಯಿತು, ಚಿಕ್ಕ ಕೈರಂಪಣಿ ಉಳಿದುಕೊಂಡಿತು. ಬಲೆ ಹೊಲಿಯುವುದು, ದೋಣಿ ಎಳೆದಿಡುವುದು, ಬಂಗುಡೆ ತಾರ್ಲೆ ಒಣಗಿಸುವುದು ಎಲ್ಲಕ್ಕೂ ಮರಳೇ ಬೇಕು. ಅಘನಾಶಿನಿಯ ಅಳಿವೆಯನ್ನು ಭರತದಲ್ಲಿ ನೋಡಿದರೆ ಬರೀ ನೀರು. ಇಳಿತವಾದಾಗ ಅದೇ ಜಾಗದಲ್ಲಿ ಜನ ಬಳಚು ಹೆಕ್ಕುತ್ತಾರೆ. ಪಕ್ಕದ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ.

ಆದರೆ ಮೀನು ಒಣಗಿಸುವ ಮರಳಿಗೆ ಆ ಹೆಂಗಸಿನ ಹೆಸರಲ್ಲಿ ಪಹಣಿ ಇಲ್ಲ. ತಲೆಮಾರಿನ ಬಳಕೆಯೇ ಅವರ ದಾಖಲೆ. ಹಾಗಾಗಿ ‘ಇಲ್ಲಿ ಯಾರೂ ಇಲ್ಲ’ ಎಂಬ ಮಾತು ಅವರ ಪಾಲಿಗೆ ಅಪಾಯದ ಮಾತು. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಕಡಲಂಚಿನ ಊರುಗಳು ಎದ್ದುಹೋದವು. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕರಾವಳಿ ನಿಯಂತ್ರಣ ವಲಯದ 1991ರ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್ ಜಾಗವನ್ನು ಕಟ್ಟಡಗಳಿಂದ ಕಾಯಲು ಹೊರಟಿತ್ತು. 2019ರ ಅಧಿಸೂಚನೆ, ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರದಲ್ಲಿ ಅದನ್ನು 50 ಮೀಟರಿಗೆ ಇಳಿಸಲು ಅವಕಾಶ ಕೊಟ್ಟಿತು. ಪ್ರವಾಸಿಗರಿಗಾಗಿ ತೀರದಲ್ಲಿ ತಾತ್ಕಾಲಿಕ ಶೆಡ್ಡುಗಳನ್ನೂ ಒಪ್ಪಿತು. ಅಂದರೆ ಹೆಚ್ಚು ಜನ ವಾಸಿಸುವಲ್ಲೇ ಕಾವಲು ಸಡಿಲವಾಯಿತು.

ಒಂದು ರಾತ್ರಿಯ ಟೆಂಟನ್ನು ನೌಕಾನೆಲೆಯ ಪಕ್ಕ ನಿಲ್ಲಿಸುವುದು ಅತಿಯಾಯಿತು ಎನ್ನುತ್ತೀರಿ. ಟೆಂಟಿಗೆ ಸಿಮೆಂಟ್ ಬೇಡ, ರೆಸಾರ್ಟಿಗಿಂತ ಎಷ್ಟೋ ವಾಸಿ ಎಂದೂ ಹೇಳುತ್ತೀರಿ. ಎರಡನೆಯದನ್ನು ಒಪ್ಪುತ್ತೇನೆ. ಆದರೆ ಟೆಂಟಿನ ಫೋಟೊದ ಜೊತೆ ಮ್ಯಾಪಿನ ಗುರುತೂ ಹೋಗುತ್ತದೆ. ಮುಂದಿನ ವಾರ ಐದು ಟೆಂಟು, ಮುಂದಿನ ಚಳಿಗಾಲಕ್ಕೆ ಬಾಡಿಗೆಗೆ ಐವತ್ತು, ಆಮೇಲೆ ಬೇಲಿ. ‘ಖಾಲಿ ಜಾಗ’ದ ಮೊದಲ ಜಾಹೀರಾತನ್ನು ಪುಕ್ಕಟೆ ಮಾಡಿಕೊಡುವವರು ನಾವೇ.

ಇನ್ನೊಂದು ಜಗಳ ‘ಸೋಲೋ’ ಜೊತೆ. ‘ಜೊತೆಗೆ ಯಾರಿದ್ದಾರೆ?’ ಎಂಬ ಪ್ರಶ್ನೆ ಕೇಳಿಸಿಕೊಂಡೇ ಬೆಳೆದವಳಿಗೆ ಕಡಲ ಮುಂದೆ ಒಬ್ಬಳೇ ನಿದ್ದೆ ಮಾಡುವುದು ಸಣ್ಣ ಸಂಗತಿಯಲ್ಲ. ಅದನ್ನು ಬಿಟ್ಟುಕೊಡುವವಳೂ ನಾನಲ್ಲ. ಆದರೆ ಕೈಪಿಡಿಯ ‘ಸೋಲೋ’ದಲ್ಲಿ ಫೆರ್ರಿಯ ಹಗ್ಗ ಹಿಡಿದವರಿಲ್ಲ, ಬಾಟಲಿಗೆ ನೀರು ತುಂಬಿಕೊಟ್ಟವರಿಲ್ಲ, ಬಚ್ಚಲು ಕೊಟ್ಟ ಅಕ್ಕ ಇಲ್ಲ. ನಮ್ಮ ಭಾಷೆಯಲ್ಲಿ ‘ಒಂಟಿ’ ಮರಕ್ಕೂ ಸಲಗಕ್ಕೂ ಸಲ್ಲುತ್ತದೆ. ‘ಒಬ್ಬಳು’ ಮನುಷ್ಯರಿಗೆ ಮಾತ್ರ. ಊರಿನವರ ನಡುವೆಯೂ ಒಬ್ಬಳು ಒಬ್ಬಳೇ ಇರಬಹುದು. ನಾನು ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದ್ದಕ್ಕೆ ನೂರು ಹೆಜ್ಜೆ ಆಚೆ ಮನೆಗಳಿದ್ದದ್ದೇ ಕಾರಣ.

ಹೋಗಬೇಡಿ ಎಂದು ಹೇಳುತ್ತಿಲ್ಲ. ಕೇಳಿ ಹೋಗಿ. ಹತ್ತಿರದ ಮನೆಯವರನ್ನು ಕೇಳಿ, ಅವರ ತೆಂಗಿನ ಹಿತ್ತಿಲಲ್ಲಿ ಟೆಂಟ್ ಹಾಕಿ, ಜಾಗಕ್ಕೂ ಬಚ್ಚಲಿಗೂ ದುಡ್ಡು ಕೊಡಿ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಈ ಮರಳಿಗೇ ಬರುತ್ತವೆ. ಬೆಳಕು ಕಂಡರೆ ಮರಿಗಳು ಕಡಲಿನ ದಿಕ್ಕು ತಪ್ಪುತ್ತವೆ. ರಾತ್ರಿ ಅಲ್ಲಿ ಬೆಂಕಿಯೂ ಬೇಡ, ಹೆಡ್‌ಲೈಟೂ ಬೇಡ. ಊರಿನ ಗುರುತನ್ನು ಜಾಲದಲ್ಲಿ ಹಾಕಬೇಡಿ. ನಾನೂ ಇಲ್ಲಿ ಆ ಊರಿನ ಹೆಸರು ಬರೆದಿಲ್ಲ.

ಕೈಪಿಡಿಯ ಸಂಸ್ಥೆಗೆ ಪತ್ರ ಬರೆದೆ. ‘ಜನರಿಲ್ಲದ ತೀರ’ದ ಬದಲು ‘ಮೀನುಗಾರರು ಕೆಲಸ ಮಾಡುವ ತೀರ, ಕೇಳಿ ಟೆಂಟ್ ಹಾಕಿ’ ಎಂದು ಹಾಕೋಣವೇ ಎಂದು ಕೇಳಿದೆ. ಮೂಲದಲ್ಲಿ ಇದ್ದಂತೆ ಕೊಡಿ ಎಂಬ ಉತ್ತರ ಬಂತು. ಅನುವಾದಕಿಗೆ ಅದು ನ್ಯಾಯವಾದ ಮಾತೇ. ಮೂಲವನ್ನು ತಿದ್ದುವ ಹಕ್ಕು ನನಗಿಲ್ಲ. ಬೇಡ ಎನ್ನುವ ಹಕ್ಕಿದೆ. ಕೆಲಸ ವಾಪಸ್ ಕಳಿಸಿದೆ. ಆ ತಿಂಗಳ ಅರ್ಧ ಬಾಡಿಗೆ ಅದರಿಂದ ಬರಬೇಕಿತ್ತು. ಬೇರೆ ಯಾರೋ ಅದನ್ನು ಅನುವಾದಿಸುತ್ತಾರೆ, ನಿಮ್ಮಲ್ಲಿ ಕೆಲವರು ಓದುತ್ತೀರಿ. ಓದಿ ಹೊರಟಾಗ, ಟೆಂಟಿನ ಗೂಟ ಹೊಡೆಯುವ ಮುಂಚೆ ಒಂದು ಮನೆಯ ಬಾಗಿಲಿಗೆ ಹೋಗಿ ಕೇಳಿ.