ಕುಚ್ಚಲಕ್ಕಿಯನ್ನು ಕಡೆಗಣಿಸದಿರೋಣ

ನಮ್ಮಲ್ಲಿ ಹಲವರ ಮನೆಗಳಲ್ಲಿ ಈಗ ಬೆಳ್ತಿಗೆ ಅನ್ನಕ್ಕೆ ಗೌರವ ಜಾಸ್ತಿ. ಕುಚ್ಚಲಕ್ಕಿ ಗಂಜಿ ಬಡವರ ಊಟ, ನೆಂಟರಿಗೆ ಬಡಿಸುವಂಥದ್ದಲ್ಲ ಎಂಬ ಭಾವನೆ ಬಂದಿದೆ. ಕೃಷಿಕ ಬಂಧುಗಳು ಈ ಬಗ್ಗೆ ಸ್ವಲ್ಪ ಯೋಚಿಸಬೇಕು.

ನೂರು ವರ್ಷಕ್ಕೂ ಹಿಂದೆ ಜಾವಾದಲ್ಲಿ ಬೆರಿಬೆರಿ ಎಂಬ ರೋಗ ಜನರನ್ನು ಕಾಡುತ್ತಿತ್ತು. ಕಾಲು ಜೋಮು ಹಿಡಿದು, ಮೈ ಬಾತು, ಹೃದಯ ಸೋತು ಸಾಯುತ್ತಿದ್ದರು. ಐಕ್ಮನ್ ಎಂಬ ಡಚ್ ವೈದ್ಯರು ಇದರ ರೋಗಾಣು ಹುಡುಕುತ್ತಿದ್ದಾಗ ಅವರ ಕೋಳಿಗಳಿಗೂ ಕಾಲು ಬಿದ್ದುಹೋಯಿತು; ಕೆಲವು ತಿಂಗಳಲ್ಲಿ ತಾನಾಗಿ ಗುಣವಾಯಿತು. ವಿಚಾರಿಸಿದರೆ, ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸ ಅಡಿಗೆಯವನು ಅದನ್ನು ಕೊಡಲು ಒಪ್ಪದ್ದರಿಂದ ತವುಡು ಉಳಿದ ಅಗ್ಗದ ಅಕ್ಕಿ ಸಿಕ್ಕಿತ್ತು! ತವುಡಿನಲ್ಲಿದ್ದ ಸತ್ವವೇ ಬಿ-1 ಜೀವಸತ್ವ. 1929ರಲ್ಲಿ ಐಕ್ಮನ್‌ರಿಗೆ ನೊಬೆಲ್ ಪ್ರಶಸ್ತಿ ಬಂತು.

ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿದ್ದ 1930ರ ದಶಕದಲ್ಲಿ, ಕೂನೂರಿನ ಪೋಷಣಾ ಪ್ರಯೋಗಾಲಯದ ಡಾ. ಐಕ್ರಾಯ್ಡ್ ಮತ್ತು ಸಂಗಡಿಗರು ಇದೇ ವಿಷಯವನ್ನು ಪರಿಶೀಲಿಸಿದರು. ಮಿಲ್ಲಿನ ಬೆಳ್ತಿಗೆ ಉಣ್ಣುತ್ತಿದ್ದ ಆಂಧ್ರ ಕರಾವಳಿಯಲ್ಲಿ ಬೆರಿಬೆರಿ ಇತ್ತು. ಕುಚ್ಚಲಕ್ಕಿ ಉಣ್ಣುವ ಕಡೆ ಇರಲಿಲ್ಲ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಕಾರಣ ಸರಳ. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಸತ್ವ ಕಾಳಿನೊಳಗೆ ಇಳಿಯುತ್ತದೆ. ಮತ್ತೆ ಮಿಲ್ಲಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ಹಂಡೆಯಲ್ಲಿ ಭತ್ತ ಬೇಯಿಸಿ ಅಂಗಳದಲ್ಲಿ ಒಣಗಿಸುತ್ತಿದ್ದ ನಮ್ಮ ಅಜ್ಜಿಯಂದಿರು ವಿಜ್ಞಾನ ಓದಿದವರಲ್ಲ. ಆದರೆ ಅವರು ಮಾಡಿದ್ದು ಸರಿಯೆಂದು ಪ್ರಯೋಗಾಲಯ ಒಪ್ಪಿಕೊಂಡಿತು.

ಹಾಗೆಂದು ಕುಚ್ಚಲಕ್ಕಿಯೊಂದೇ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಇಷ್ಟು ಮುಂದುವರಿದ ಕೇರಳದಲ್ಲೂ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಗಂಜಿಯ ಜೊತೆ ಹುರುಳಿ, ಸೊಪ್ಪಿನ ಪಲ್ಯ, ಬೂತಾಯಿ, ಒಂದು ನೆಲ್ಲಿಕಾಯಿ ಬೇಕು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಂದಿರ ಬಟ್ಟಲಿಗೆ ಇವು ಬರುತ್ತವೆಯೇ? ಗಂಡಸರು ಇದನ್ನು ನೋಡಬೇಕು.

ಅನೇಕರು ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟಿದ್ದೇವೆ. ಅಕ್ಕಿಗೆ ಅಂಗಡಿಯೇ ಗತಿ. ಕೊಳ್ಳುವಾಗಲಾದರೂ ಬಣ್ಣಕ್ಕೆ ಮರುಳಾಗದೆ ಕುಚ್ಚಲಕ್ಕಿ ಕೇಳೋಣ. ಗಂಜಿಯ ತಿಳಿಯನ್ನು ಚೆಲ್ಲದಿರೋಣ, ಅದರಲ್ಲೂ ಸತ್ವವಿದೆ. ಕೋಳಿಗಳು ಕಲಿಸಿದ ಪಾಠವನ್ನು ನಾವು ಮರೆಯುವುದು ಬೇಡ.